ಸಣ್ಣ ಅಪಾರ್ಟ್‌ಮೆಂಟಿನ ಬಿಸಿನೀರು: ಸ್ವಿಚ್ಚು, ಥರ್ಮೋಸ್ಟ್ಯಾಟು, ಟೈಮರು, ಮನೆಗೊಂದು ಗೀಸರು — ಯಾವುದನ್ನು ಆಯ್ದುಕೊಳ್ಳಬೇಕು?

ಹುಬ್ಬಳ್ಳಿ-ಧಾರವಾಡದ ಹವೆಯಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರ ಯಾರಿಗೂ ಬೇಕಾಗುವುದಿಲ್ಲ; ನಮ್ಮಲ್ಲಿ ಕಾಯಬೇಕಾದದ್ದು ನೀರು. ಹಿಂದೆ ಬಚ್ಚಲಿನ ಹಂಡೆಗೋ ತಾಮ್ರದ ಬಂಬಿಗೋ ಉರಿ ಹಾಕುವವರು ಮನೆಯಲ್ಲೇ ಇರುತ್ತಿದ್ದರು. ನೀರು ಎಷ್ಟು ಕಾಯಬೇಕು, ಉರಿಯನ್ನು ಯಾವಾಗ ಹಿಂದೆಗೆಯಬೇಕು ಎಂಬುದನ್ನು ಅವರ ಕೈಯೇ ತೀರ್ಮಾನಿಸುತ್ತಿತ್ತು. ಆರು, ಎಂಟು, ಹತ್ತು ಮನೆಗಳ ಕಟ್ಟಡಗಳಲ್ಲಿ ಮಾಳಿಗೆಯ ಮೇಲೆ ಎಲ್ಲರಿಗೂ ಸೇರಿ ಒಂದು ಸೋಲಾರ್ ಟ್ಯಾಂಕು, ಅದರೊಳಗೆ ಮೋಡದ ದಿನಗಳಿಗೆಂದು ನೀರು ಕಾಯಿಸುವ ಒಂದು ವಿದ್ಯುತ್ ಕಾಯಿಲ್ಲು ಬಂದ ಮೇಲೆ ಆ ತೀರ್ಮಾನ ಒಂದು ಸ್ವಿಚ್ಚಿಗೆ, ನೀರಿನ ಉಷ್ಣತೆ ನೋಡಿ ತಾನೇ ಹಚ್ಚಿ ಆರಿಸುವ ಥರ್ಮೋಸ್ಟ್ಯಾಟಿಗೆ ಅಥವಾ ವೇಳೆ ನೋಡಿ ಆ ಕೆಲಸ ಮಾಡುವ ಟೈಮರಿಗೆ ಹೋಗಿದೆ. ಸೋಲಾರ್ ಕೊಳ್ಳುವಾಗ ಟ್ಯೂಬು ಎಷ್ಟು, ಟ್ಯಾಂಕು ಎಷ್ಟು ಲೀಟರಿನದು, ಗ್ಯಾರಂಟಿ ಎಷ್ಟು ವರ್ಷದ್ದು ಎಂದು ನಾಲ್ಕು ಕಡೆ ವಿಚಾರಿಸುವ ನಾವು, ಕಾಯಿಲ್ಲನ್ನು ಯಾವುದು ಹಚ್ಚುತ್ತದೆ, ಯಾವುದು ಆರಿಸುತ್ತದೆ ಎಂದು ಕೇಳುವುದೇ ಇಲ್ಲ. ಆದರೆ ಎಲ್ಲ ಮನೆಗಳಿಗೂ ಸೇರಿದ ಸಾಮಾನ್ಯ ಮೀಟರಿನ ಬಿಲ್ಲನ್ನು ಏರಿಸುವುದೂ ಇಳಿಸುವುದೂ ಬಹುಮಟ್ಟಿಗೆ ಇದೇ ಸಂಗತಿ.

ಧಾರವಾಡದ ಸಪ್ತಾಪುರದಲ್ಲಿ ಎಂಟು ಮನೆಗಳ ಕಟ್ಟಡವೊಂದರ ಲೆಕ್ಕಪತ್ರವನ್ನು ಕೆಲವು ವರ್ಷ ನೋಡಿಕೊಂಡ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಒಳ್ಳೆಯ ನಿಯಂತ್ರಣವೆಂದರೆ ಬಿಸಿಲಿಗೆ ಮೊದಲ ಅವಕಾಶ ಕೊಟ್ಟು, ಅದು ಸಾಲದಾದಾಗ ಮಾತ್ರ, ಸಾಲದಷ್ಟನ್ನು ಮಾತ್ರ ವಿದ್ಯುತ್ತಿನಿಂದ ತುಂಬಿಕೊಳ್ಳುವಂಥದ್ದು. ಮತ್ತು ಈ ಕೆಲಸವನ್ನು ಯಾರೂ ನೋಡದಿದ್ದಾಗಲೂ ತಪ್ಪದೆ ಮಾಡುವಂಥದ್ದು. ಕೆಳಗಿನ ಎಲ್ಲ ಆಯ್ಕೆಗಳನ್ನೂ ಈ ಒಂದೇ ಅಳತೆಗೋಲಿನಿಂದ ನೋಡಿದ್ದೇನೆ.

ಮೊದಲು ನಿಮ್ಮ ಕಟ್ಟಡದ ಲೆಕ್ಕ

ಒಂದು ಯೂನಿಟ್ ವಿದ್ಯುತ್ತು 86 ಲೀಟರ್ ನೀರನ್ನು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸುತ್ತದೆ. ಇದನ್ನೊಂದು ನೆನಪಿಟ್ಟುಕೊಂಡರೆ ಮಾರುವವರು ಹೇಳುವ ಅರ್ಧದಷ್ಟು ಮಾತುಗಳನ್ನು ನಾವೇ ಒರೆಗೆ ಹಚ್ಚಬಹುದು. ತಣ್ಣೀರು 22 ಡಿಗ್ರಿ, ಟ್ಯಾಂಕಿನ ನೀರು 55 ಡಿಗ್ರಿ ಎಂದುಕೊಂಡರೆ, ಸ್ನಾನಕ್ಕೆ ಹಿತವಾದ 41 ಡಿಗ್ರಿಯ 20 ಲೀಟರಿನ ಬಕೆಟ್ ತುಂಬಲು ಹನ್ನೊಂದೂವರೆ ಲೀಟರ್ ಬಿಸಿನೀರು ಸಾಕು. ಒಬ್ಬರಿಗೆ ಎರಡು ಬಕೆಟ್ ಎಂದರೆ 23 ಲೀಟರ್. ಧಾರಾಳವಾಗಿ 25 ಎಂದೇ ಹಿಡಿಯೋಣ. ಎಂಟು ಮನೆ, ಮನೆಗೆ ನಾಲ್ವರು ಎಂದರೆ 32 ಜನ, 800 ಲೀಟರ್. ಪಾತ್ರೆ ತೊಳೆಯುವುದಕ್ಕೂ ಬಂದುಹೋಗುವವರಿಗೂ ಸೇರಿಸಿದರೆ 1000 ಲೀಟರಿನ ಟ್ಯಾಂಕು ಸರಿಹೋಗುತ್ತದೆ.

ಈ 800 ಲೀಟರನ್ನು ಬಿಸಿಲಿನ ನೆರವೇ ಇಲ್ಲದೆ 22ರಿಂದ 55 ಡಿಗ್ರಿಗೆ ಏರಿಸಲು ದಿನಕ್ಕೆ ಸುಮಾರು 31 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಐದೂವರೆ ಸಾವಿರ ರೂಪಾಯಿಯಾಯಿತು. ನಿಮ್ಮ ಹೆಸ್ಕಾಂ ಬಿಲ್ಲಿನಲ್ಲಿರುವ ದರವನ್ನು ಹಾಕಿ ಗುಣಿಸಿಕೊಳ್ಳಿ. ನಿಯಂತ್ರಣ ತೀರ ಕೆಟ್ಟದಾಗಿದ್ದರೆ ಸೋಲಾರ್ ಇದ್ದೂ ಈ ಹಣವನ್ನು ಕಟ್ಟಬೇಕಾಗುತ್ತದೆ. ಉತ್ಪ್ರೇಕ್ಷೆಯಲ್ಲ, ಹೇಗೆಂದು ಮುಂದೆ ನೋಡೋಣ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಗದಗ-ಬೆಟಗೇರಿಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಕಾಯಿಲ್ಲಿನ ಕೆಲಸ ವರ್ಷದ ಕೆಲವೇ ವಾರಗಳದ್ದು. ಮಲೆನಾಡಿನ ಸೆರಗಿಗೆ ಹತ್ತಿದ ಧಾರವಾಡದಲ್ಲಿ ಮತ್ತು ಹಾವೇರಿ ಜಿಲ್ಲೆಯ ಹಾನಗಲ್ಲಿನ ಕಡೆ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಹುಬ್ಬಳ್ಳಿ ಇವೆರಡರ ನಡುವಿನದು. ಧಾರವಾಡದವರಿಗೆ ಕಾಯಿಲ್ಲಿನ ನಿಯಂತ್ರಣ ಮುಖ್ಯವಾಗುವಷ್ಟು ಗದಗಿನವರಿಗೆ ಆಗದು. ಗದಗಿನವರು ಅದಕ್ಕಿಂತ ಹೆಚ್ಚಾಗಿ ಬೋರ್‌ವೆಲ್ಲಿನ ಗಡಸು ನೀರಿನ ಚಿಂತೆ ಮಾಡಬೇಕು.

ಕೈಯಿಂದ ಹಚ್ಚುವ ಸ್ವಿಚ್ಚು

ಎಲ್ಲಕ್ಕಿಂತ ಅಗ್ಗದ ಆಯ್ಕೆ ಇದು. ಕಾವಲುಗಾರರೋ ಕೊನೆಯ ಮಹಡಿಯವರೋ ಮೋಡ ನೋಡಿ ರಾತ್ರಿ ಅಥವಾ ನಸುಕಿನಲ್ಲಿ ಸ್ವಿಚ್ ಹಾಕುತ್ತಾರೆ, ನೀರು ಕಾದ ಮೇಲೆ ಆರಿಸುತ್ತಾರೆ. ಮಾಡುವವರು ಶ್ರದ್ಧೆಯವರಾಗಿದ್ದರೆ ಇದಕ್ಕಿಂತ ಮಿತವ್ಯಯದ ವ್ಯವಸ್ಥೆ ಮತ್ತೊಂದಿಲ್ಲ, ಏಕೆಂದರೆ ನಿನ್ನೆ ಬಿಸಿಲು ಎಷ್ಟಿತ್ತು, ಇಂದು ಯಾರ ಮನೆಗೆ ಬೀಗರು ಬಂದಿದ್ದಾರೆ ಎಂಬುದು ಮನುಷ್ಯರಿಗೆ ಗೊತ್ತಿರುವಷ್ಟು ಯಂತ್ರಕ್ಕೆ ಗೊತ್ತಿರುವುದಿಲ್ಲ. ಆದರೆ ಅವರು ಊರಿಗೆ ಹೋದ ದಿನ ಎಂಟು ಮನೆಗಳಿಗೂ ತಣ್ಣೀರೇ ಗತಿ, ಆರಿಸುವುದನ್ನು ಮರೆತ ದಿನ ಎಲ್ಲರ ಹಣವೂ ಪೋಲು. ಆರಿಸಲು ಮರೆತಾಗ ನೀರು ಕುದಿಯದಂತೆ ತಡೆಯುವ ಥರ್ಮೋಸ್ಟ್ಯಾಟ್ ಕೂಡ ಇಲ್ಲದ ಹಳೆಯ ಟ್ಯಾಂಕುಗಳನ್ನು ನಾನು ಕಂಡಿದ್ದೇನೆ. ಅಂಥ ಟ್ಯಾಂಕಿದ್ದರೆ ಈ ಬರಹದ ಉಳಿದ ಭಾಗವನ್ನು ಓದುವ ಮೊದಲು ಒಂದು ಥರ್ಮೋಸ್ಟ್ಯಾಟ್ ಹಾಕಿಸಿಕೊಳ್ಳಿ. ನಾಲ್ಕು ಮನೆಗಳ, ಒಂದೇ ಕುಟುಂಬದ ಅಣ್ಣತಮ್ಮಂದಿರು ಇರುವ ಕಟ್ಟಡಕ್ಕೆ ಕೈ ಸ್ವಿಚ್ಚು ಸಾಕಾದೀತು. ಅದರಾಚೆಗೆ ನಾನು ಸಲಹೆ ಮಾಡುವುದಿಲ್ಲ.

ಥರ್ಮೋಸ್ಟ್ಯಾಟ್ ಒಂದೇ

ಬಹಳಷ್ಟು ಕಟ್ಟಡಗಳಲ್ಲಿ ಇರುವುದು ಇದೇ. ಟ್ಯಾಂಕಿಗೆ ಥರ್ಮೋಸ್ಟ್ಯಾಟ್ ಇದೆ, ಅದನ್ನು 60ಕ್ಕೆ ಇಟ್ಟಿದ್ದಾರೆ, ಮೇನ್ ಸ್ವಿಚ್ ಸದಾ ಚಾಲೂ ಇರುತ್ತದೆ. ನೀರು ತಣ್ಣಗಾದರೆ ತಾನೇ ಹಚ್ಚಿಕೊಳ್ಳುತ್ತದೆ, ಬಿಸಿಯಾದರೆ ತಾನೇ ಆರುತ್ತದೆ ಎಂದು ಎಲ್ಲರೂ ನಿಶ್ಚಿಂತರು.

ಅದರ ಕುತ್ತು ಇರುವುದು ಬೆಳಗಿನ ಎಂಟರಿಂದ ಹತ್ತರ ನಡುವೆ. ಎಲ್ಲರ ಸ್ನಾನ ಮುಗಿದ ಹೊತ್ತಿಗೆ ಟ್ಯಾಂಕಿನ ಬಿಸಿನೀರು ಖರ್ಚಾಗಿ ತಣ್ಣೀರು ತುಂಬಿಕೊಂಡಿರುತ್ತದೆ. ಬಿಸಿಲು ಏರುವ ಆ ವೇಳೆಯಲ್ಲಿ ಸೋಲಾರಿಗೆ ಬೇಕಾದದ್ದು ತಣ್ಣೀರೇ. ಆದರೆ ಥರ್ಮೋಸ್ಟ್ಯಾಟಿಗೆ ಆಕಾಶ ಕಾಣುವುದಿಲ್ಲ, ನೀರು ತಣ್ಣಗಿದೆ ಎಂಬುದಷ್ಟೇ ತಿಳಿಯುತ್ತದೆ. ಅದು ಕಾಯಿಲ್ಲನ್ನು ಹಚ್ಚುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರೆಲ್ಲ ವಿದ್ಯುತ್ತಿನಿಂದ ಕಾದಿರುತ್ತದೆ. ಜನವರಿಯ ನಿರ್ಮಲ ಬಿಸಿಲು ಟ್ಯೂಬುಗಳ ಮೇಲೆ ಬಿದ್ದರೂ ಆಗಲೇ ಕಾದ ಟ್ಯಾಂಕಿಗೆ ಅದು ಕೊಡುವುದು ಅತ್ಯಲ್ಪ. ಯಾರಿಗೂ ಬಿಸಿನೀರು ತಪ್ಪಿಲ್ಲವಾದ್ದರಿಂದ ದೂರು ಬರುವುದಿಲ್ಲ, ದೂರು ಬಾರದ್ದರಿಂದ ಯಾರೂ ಮೇಲೆ ಹೋಗಿ ನೋಡುವುದಿಲ್ಲ. ಮೇಲೆ ಹೇಳಿದ ದಿನಕ್ಕೆ 31 ಯೂನಿಟ್ಟಿನ ಲೆಕ್ಕದ ಹತ್ತಿರಕ್ಕೆ ಕಟ್ಟಡ ಸದ್ದಿಲ್ಲದೆ ಜಾರುತ್ತದೆ.

ಕಾಯಿಲ್ಲು ಟ್ಯಾಂಕಿನ ಮೇಲರ್ಧದಲ್ಲಿದ್ದರೆ ನಷ್ಟ ಕಡಿಮೆ. ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರ ಪದರವಾಗಿ ನಿಲ್ಲುವುದರಿಂದ ಮೇಲಿನ ಕಾಯಿಲ್ಲು ಮೇಲಿನ ನೀರನ್ನು ಮಾತ್ರ ಕಾಯಿಸಿ, ಕೆಳಗಿನ ತಣ್ಣೀರನ್ನು ಬಿಸಿಲಿಗೆ ಬಿಡುತ್ತದೆ. ತಳದಲ್ಲಿರುವ ಕಾಯಿಲ್ಲು ಇಡೀ ಟ್ಯಾಂಕನ್ನು ಕಲಕಿ ಕಾಯಿಸುತ್ತದೆ. ಹೊಸ ಟ್ಯಾಂಕು ತರುವವರು ಕಾಯಿಲ್ಲಿನ ಜಾಗವನ್ನು ಕೇಳಿ, ಬರೆಸಿಕೊಂಡೇ ಮುಂಗಡ ಕೊಡುವುದು ಒಳ್ಳೆಯದು.

ಟೈಮರು ಮತ್ತು ಥರ್ಮೋಸ್ಟ್ಯಾಟು ಒಟ್ಟಿಗೆ

ಟೈಮರನ್ನೂ ಥರ್ಮೋಸ್ಟ್ಯಾಟನ್ನೂ ಒಂದರ ಹಿಂದೊಂದು ಜೋಡಿಸಿದರೆ ಎರಡೂ ಒಪ್ಪಿದಾಗ ಮಾತ್ರ ಕಾಯಿಲ್ಲಿಗೆ ವಿದ್ಯುತ್ತು ಹೋಗುತ್ತದೆ. ಟೈಮರ್ ನಸುಕಿನ ಮೂರೂವರೆಯಿಂದ ಆರರವರೆಗೆ ಮಾತ್ರ ಬಾಗಿಲು ತೆರೆದಿಡುತ್ತದೆ. ಆ ವೇಳೆಯಲ್ಲಿ ನೀರು 50 ಡಿಗ್ರಿಗಿಂತ ಕೆಳಗಿದ್ದರೆ ಥರ್ಮೋಸ್ಟ್ಯಾಟ್ ಕಾಯಿಲ್ಲನ್ನು ಹಚ್ಚುತ್ತದೆ. ನಿನ್ನೆ ಒಳ್ಳೆಯ ಬಿಸಿಲಿದ್ದು ನೀರು ಇನ್ನೂ 56 ಡಿಗ್ರಿ ಇದ್ದರೆ ಟೈಮರ್ ಬಾಗಿಲು ತೆರೆದು ಮುಚ್ಚಿದ್ದೇ ಬಂತು, ಒಂದು ಯೂನಿಟ್ಟೂ ಖರ್ಚಾಗುವುದಿಲ್ಲ. ಮೋಡದ ದಿನ 6 ಕಿಲೋವ್ಯಾಟಿನ ಕಾಯಿಲ್ಲು ಎರಡೂವರೆ ತಾಸು ಪೂರ್ತಿ ಉರಿದರೂ 15 ಯೂನಿಟ್ ದಾಟುವುದಿಲ್ಲ. ಅಷ್ಟರಲ್ಲಿ ಮೇಲರ್ಧದ 500 ಲೀಟರ್ ನೀರು ಸುಮಾರು 26 ಡಿಗ್ರಿ ಏರಿರುತ್ತದೆ. ಆರು ಗಂಟೆಯ ನಂತರ ಟ್ಯಾಂಕು ಪೂರ್ತಿಯಾಗಿ ಬಿಸಿಲಿನದು. ಮಳೆಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ ಎಂದು ಯಾರೂ ಏನನ್ನೂ ತಿರುವಬೇಕಾಗಿಲ್ಲ, ನವೆಂಬರಿನಲ್ಲಿ ಅಕಾಲದ ಮೋಡ ಕವಿದರೂ ವ್ಯವಸ್ಥೆ ತಾನೇ ನೋಡಿಕೊಳ್ಳುತ್ತದೆ. ಈಗಾಗಲೇ ಸಾಮೂಹಿಕ ಟ್ಯಾಂಕೂ ಕಾಯಿಲ್ಲೂ ಇರುವ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನು ಕಂಡಿಲ್ಲ.

ಆದರೆ ಟೈಮರಿನ ಜಾತಿ ನೋಡಿ ತೆಗೆದುಕೊಳ್ಳಬೇಕು. ನಮ್ಮ ಕಟ್ಟಡದಲ್ಲಿ ಮೊದಲು ಹಾಕಿಸಿದ್ದು ಗಡಿಯಾರದ ಮುಖದಂತೆ ತಿರುಗುವ, ಸುತ್ತಲೂ ಹದಿನೈದು ನಿಮಿಷಕ್ಕೊಂದರಂತೆ 96 ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುವ ಟೈಮರು. ಬೇಕಾದ ವೇಳೆಯ ಹಲ್ಲುಗಳನ್ನು ಒಳಗೆ ಒತ್ತಿದರಾಯಿತು, ಯಾರಿಗೂ ತಿಳಿಯುವಷ್ಟು ಸರಳ. ಜುಲೈ ತಿಂಗಳ ಬಿಲ್ಲು ಹಿಂದಿನದಕ್ಕಿಂತ ತೀರ ಹೆಚ್ಚು ಬಂದಾಗ ನಾನೂ ನೆರೆಮನೆಯ ಕಾಕಾ ಒಬ್ಬರೂ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮಾಳಿಗೆ ಹತ್ತಿದೆವು. ಮಳೆ ನಿಂತು ಹೂಬಿಸಿಲು ಬಿದ್ದಿತ್ತು. ಮೆಟ್ಟಿಲ ಮೇಲಿನ ಕೋಣೆಯ ಪೆಟ್ಟಿಗೆಯ ಬಾಗಿಲು ತೆರೆದರೆ ಕಾಂಟ್ಯಾಕ್ಟರ್, ಅಂದರೆ ಕಾಯಿಲ್ಲಿಗೆ ವಿದ್ಯುತ್ತು ಹರಿಸುವ ದೊಡ್ಡ ಸ್ವಿಚ್ಚು, ಝುಂ ಎನ್ನುತ್ತಿತ್ತು. ಕೈಗಡಿಯಾರದಲ್ಲಿ ಒಂಬತ್ತು ಗಂಟೆ, ಟೈಮರಿನ ಮುಳ್ಳು ಐದೂ ಕಾಲು ತೋರಿಸುತ್ತಿತ್ತು. ಕಾಕಾ ಅದರ ಮುಖವನ್ನು ಬೆರಳಿನಿಂದ ಮೆಲ್ಲನೆ ತಿರುಗಿಸಿ ಒಂಬತ್ತಕ್ಕೆ ತಂದರು, ಟಕ್ ಎಂದು ಕಾಂಟ್ಯಾಕ್ಟರ್ ಬಿಟ್ಟುಕೊಂಡಿತು, ಝೇಂಕಾರ ನಿಂತಿತು. ಕರೆಂಟು ಹೋದಾಗಲೆಲ್ಲ ಆ ಗಡಿಯಾರ ನಿಲ್ಲುತ್ತಿತ್ತು, ಬಂದಾಗ ನಿಂತಲ್ಲಿಂದಲೇ ಮತ್ತೆ ನಡೆಯುತ್ತಿತ್ತು. ಮಳೆಗಾಲದ ಕಡಿತಗಳೆಲ್ಲ ಕೂಡಿ ಅದು ಸುಮಾರು ಮೂರು ಮುಕ್ಕಾಲು ತಾಸು ಹಿಂದೆ ಬಿದ್ದಿತ್ತು. ನಸುಕಿನಲ್ಲಿ ಉರಿಯಬೇಕಾದ ಕಾಯಿಲ್ಲು ಸ್ನಾನಗಳು ಮುಗಿಯುತ್ತಿದ್ದ ಹೊತ್ತಿಗೆ ಹತ್ತಿಕೊಂಡು, ಬಿಸಿಲು ಏರುವ ಹೊತ್ತಿಗೆ ಟ್ಯಾಂಕು ತುಂಬ ಬಿಸಿನೀರು ಮಾಡಿಡುತ್ತಿತ್ತು. ಟೈಮರ್ ಇದ್ದೂ ನಾವು ಟೈಮರ್ ಇಲ್ಲದವರ ಸ್ಥಿತಿಗೇ ಬಂದಿದ್ದೆವು. ಹಾಕಿಕೊಟ್ಟವರು ಇದರ ಸುಳಿವನ್ನೂ ಕೊಟ್ಟಿರಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಆದ್ದರಿಂದ ಹಲ್ಲಿನ ಟೈಮರೇ ಬೇಕೆಂದರೆ ಕರೆಂಟು ಹೋದರೂ ನಡೆಯುವಂತೆ ಒಳಗೆ ಬ್ಯಾಟರಿ ಇರುವುದನ್ನೇ ಕೇಳಿ. ಇಲ್ಲವಾದರೆ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಅದರಲ್ಲಿಯೂ ವಾರದ ಏಳು ದಿನಕ್ಕೆ ಬೇರೆ ಬೇರೆ ವೇಳೆ ಇಡಬಲ್ಲದ್ದು ಉತ್ತಮ, ಅದರ ಉಪಯೋಗ ಮುಂದೆ ಬರುತ್ತದೆ. ಡಿಜಿಟಲ್ ಟೈಮರಿನ ಒಳಗಿನ ಬ್ಯಾಟರಿಯೂ ಕೆಲವು ವರ್ಷಗಳಲ್ಲಿ ಸಾಯುತ್ತದೆ, ಹೀಗಾಗಿ ವರ್ಷಕ್ಕೊಮ್ಮೆ ಮೇನ್ ಆರಿಸಿ ಒಂದು ತಾಸು ಬಿಟ್ಟು ಗಡಿಯಾರ ಸರಿಯಿದೆಯೇ ಎಂದು ನೋಡಬೇಕು.

ಟೈಮರಿನ ಸಂಪರ್ಕಗಳು 6 ಕಿಲೋವ್ಯಾಟಿನ ಭಾರವನ್ನು ನೇರವಾಗಿ ತಾಳುವುದಿಲ್ಲ. ಒಂದೇ ಫೇಸಿನಲ್ಲಿ 6 ಕಿಲೋವ್ಯಾಟ್ ಎಂದರೆ 26 ಆಂಪಿಯರ್. ಟೈಮರೂ ಥರ್ಮೋಸ್ಟ್ಯಾಟೂ ಕಾಂಟ್ಯಾಕ್ಟರಿಗೆ ಆಜ್ಞೆ ಕೊಡಬೇಕು, ಭಾರವನ್ನು ಕಾಂಟ್ಯಾಕ್ಟರ್ ಹೊರಬೇಕು. ಮೂರು ಫೇಸಿದ್ದರೆ ಎರಡೆರಡು ಕಿಲೋವ್ಯಾಟಿನ ಮೂರು ಕಾಯಿಲ್ಲುಗಳಾಗಿ ಹಂಚಿ ಫೇಸಿಗೆ 9 ಆಂಪಿಯರಿನೊಳಗೆ ತರುವುದು ಮೇಲು. ಸಾಮಾನ್ಯ ಮೀಟರಿನ ಮಂಜೂರಾದ ಲೋಡಿನಲ್ಲಿ ಇದಕ್ಕೆ ಅವಕಾಶವಿದೆಯೇ ಎಂಬುದನ್ನು ಮೊದಲೇ ನೋಡಿ, ಇಲ್ಲದಿದ್ದರೆ ಹೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಸ್ನಾನದ ನೀರಿಗೆ ತಾಗಿದ ವಿದ್ಯುತ್ ಕೆಲಸವಾದ್ದರಿಂದ ಭಾರ ಮಿತಿಮೀರಿದರೆ ಬೀಳುವ ಎಂಸಿಬಿಯ ಜೊತೆಗೆ, ವಿದ್ಯುತ್ತು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಈ ಎರಡರಲ್ಲಿ ಉಳಿತಾಯ ಮಾಡಬಾರದು.

ಮಾಳಿಗೆಯ ಮೇಲೆ ಕಾಯಿಲ್ಲು ಬೇಡ, ಮನೆಮನೆಯಲ್ಲಿ ಗೀಸರ್ ಇರಲಿ

ಇದು ಬೇರೆಯದೇ ದಾರಿ. ಮೇಲಿನ ಟ್ಯಾಂಕು ಬಿಸಿಲಿನಿಂದ ಕಾದಷ್ಟು ನೀರನ್ನು ಕೊಡುತ್ತದೆ. ಆ ನೀರು ಪ್ರತಿ ಮನೆಯ 10 ಅಥವಾ 15 ಲೀಟರಿನ ಗೀಸರಿನ ಮೂಲಕ ಹಾದು ಬಚ್ಚಲಿನ ನಳಕ್ಕೆ ಬರುತ್ತದೆ. ಗೀಸರಿನ ಥರ್ಮೋಸ್ಟ್ಯಾಟ್ 50ರಲ್ಲಿದ್ದು, ಮೇಲಿನಿಂದ 58 ಡಿಗ್ರಿಯ ನೀರು ಬಂದರೆ ಅದು ಹತ್ತುವುದೇ ಇಲ್ಲ. ಮಳೆಯ ದಿನ 32 ಡಿಗ್ರಿಯ ಉಗುರುಬೆಚ್ಚನೆಯ ನೀರು ಬಂದರೆ ಉಳಿದ 18 ಡಿಗ್ರಿಯನ್ನಷ್ಟೇ ತುಂಬುತ್ತದೆ, 15 ಲೀಟರಿಗೆ ಯೂನಿಟ್ಟಿನ ಮೂರನೆಯ ಒಂದು ಭಾಗವೂ ಬೇಡ. ಸೋಲಾರ್ ಟ್ಯಾಂಕಿನೊಳಗೆ ವಿದ್ಯುತ್ತೇ ಹೋಗುವುದಿಲ್ಲವಾದ್ದರಿಂದ ಬಿಸಿಲಿಗೆ ಅಡ್ಡಿಯ ಪ್ರಶ್ನೆಯೇ ಏಳುವುದಿಲ್ಲ.

ಹಣದ ನ್ಯಾಯವೂ ಇಲ್ಲಿ ಚೆನ್ನಾಗಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯ ಪ್ರಕಾರ ಸಾಮಾನ್ಯ ಖರ್ಚನ್ನು ಮಾಲೀಕರು ಕಟ್ಟಡದ ಸಾಮಾನ್ಯ ಭಾಗಗಳಲ್ಲಿ ತಮಗಿರುವ ಅವಿಭಜಿತ ಹಕ್ಕಿನ ಪಾಲಿಗೆ ತಕ್ಕಂತೆ ಹಂಚಿಕೊಳ್ಳಬೇಕು, ಬಳಸಿದ ಬಕೆಟ್ಟುಗಳ ಲೆಕ್ಕದಲ್ಲಿ ಅಲ್ಲ. ಇಬ್ಬರೇ ಹಿರಿಯರಿರುವ ಮನೆಯೂ ಆರು ಜನರ ಮನೆಯೂ ಕಾಯಿಲ್ಲಿನ ಬಿಲ್ಲಿಗೆ ಸಮನಾಗಿ ಕೊಡುವಾಗ ಮನಸ್ತಾಪ ಬರುವುದು ಸಹಜ. ನಮ್ಮ ಸಭೆಗಳಲ್ಲಿ ನೀರಿನ ಟ್ಯಾಂಕರಿನ ನಂತರ ಅತಿ ಹೆಚ್ಚು ಮಾತು ನಡೆದದ್ದು ಇದರ ಮೇಲೆಯೇ. ಗೀಸರ್ ಮನೆಯ ಮೀಟರಿನಲ್ಲಿದ್ದರೆ ಬಳಸಿದವರು ಕೊಡುತ್ತಾರೆ.

ಇದರೊಂದಿಗೆ ಗೃಹಜ್ಯೋತಿಯ ಲೆಕ್ಕವೂ ಸೇರುತ್ತದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಲ್ಲಿರುವ ಈ ಯೋಜನೆ ವಾಸದ ಮನೆಯ ಮೀಟರಿಗೆ ಅನ್ವಯಿಸುತ್ತದೆ. ಮೆಟ್ಟಿಲ ದೀಪ, ಪಂಪು, ಕಾಯಿಲ್ಲುಗಳ ಸಾಮಾನ್ಯ ಮೀಟರಿಗೆ ನಾವು ಪೂರ್ತಿ ಹಣ ಕಟ್ಟುತ್ತೇವೆ. ಹೀಗಾಗಿ ಮಳೆಗಾಲದ ಅಲ್ಪ ಬಳಕೆ ಮನೆಯ ಮೀಟರಿಗೆ ಬಂದರೆ ಬಹುತೇಕರಿಗೆ ಅದು ತಮ್ಮ ಉಚಿತ ಯೂನಿಟ್ಟುಗಳೊಳಗೇ ಅಡಗಬಹುದು. ಆದರೆ ಇದನ್ನು ಎಚ್ಚರದಿಂದ ನೋಡಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಸೋಲಾರಿನ ನೆರವೇ ಇಲ್ಲದೆ ಗೀಸರಿನಿಂದಲೇ ನೀರು ಕಾಸಿದರೆ ಒಬ್ಬರ ಸ್ನಾನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್, ನಾಲ್ವರ ಮನೆಗೆ ತಿಂಗಳಿಗೆ ಸುಮಾರು 120 ಯೂನಿಟ್. ಸೋಲಾರನ್ನು ಕಿತ್ತುಹಾಕಿ ಬರೀ ಗೀಸರಿಗೆ ಹೋಗೋಣ ಎನ್ನುವ ಮಾತು ಕೆಲವು ಕಟ್ಟಡಗಳಲ್ಲಿ ಕೇಳಿಬರುತ್ತಿದೆ. ಈ ಒಂದು ಅಂಕಿಯನ್ನು ಅವರ ಮುಂದಿಟ್ಟರೆ ಸಾಕು.

ಕೊಳವೆಯ ಜೋಡಣೆಯಲ್ಲಿ ಎರಡು ವಿಷಯ ತಪ್ಪಬಾರದು. ಏಪ್ರಿಲ್-ಮೇ ತಿಂಗಳಲ್ಲಿ ಸೋಲಾರ್ ನೀರು 75-80 ಡಿಗ್ರಿ ಮುಟ್ಟಬಲ್ಲದು, ಆ ಶಾಖದ ನೀರನ್ನು ಒಳಗೆ ಬಿಡಬಹುದೇ ಎಂದು ಗೀಸರ್ ತಯಾರಕರನ್ನೇ ಕೇಳಿ. ಆಗದೆಂದರೆ ಗೀಸರಿನೊಳಗೆ ಹೋಗದೆ ಅದರ ಪಕ್ಕದಿಂದ ಹಾದುಹೋಗುವ ಬೈಪಾಸ್ ಕೊಳವೆಯನ್ನೂ ಮೂರು ಬಾಲ್ ವಾಲ್ವುಗಳನ್ನೂ ಹಾಕಿಸಿ, ಬೇಸಿಗೆಯಲ್ಲಿ ನೀರನ್ನು ನೇರ ನಳಕ್ಕೆ ಬಿಡಬೇಕು. ಎರಡನೆಯದಾಗಿ, ಗೀಸರಿಗೂ ಅದರ ಒತ್ತಡ ಬಿಡುವ ಸುರಕ್ಷಾ ವಾಲ್ವಿಗೂ ನಡುವೆ ಯಾವ ಬಾಲ್ ವಾಲ್ವೂ ಇರಕೂಡದು. ಬೈಪಾಸಿನಲ್ಲಿ ಗೀಸರಿನ ಎರಡೂ ಬದಿ ಮುಚ್ಚಿಕೊಂಡಿರುವಾಗ ಯಾರಾದರೂ ಸ್ವಿಚ್ ಹಾಕಿದರೆ ಒತ್ತಡಕ್ಕೆ ಹೊರದಾರಿ ಅದೊಂದೇ. ಪ್ಲಂಬರ್ ಕೆಲಸ ಮುಗಿಸಿ ಹೋಗುವ ಮುನ್ನ ಇದನ್ನು ನಿಮ್ಮ ಕಣ್ಣಾರೆ ನೋಡಿಕೊಳ್ಳಿ.

ಹೊಸದಾಗಿ ಕೊಳವೆ ಎಳೆಯುತ್ತಿರುವ ಕಟ್ಟಡಕ್ಕೆ, ಇಲ್ಲವೇ ಹೇಗೂ ಪ್ರತಿ ಮನೆಯಲ್ಲೂ ಗೀಸರ್ ಇರುವ ಕಟ್ಟಡಕ್ಕೆ ನನ್ನ ಮೊದಲ ಆಯ್ಕೆ ಇದೇ. ಹಳೆಯ ಕಟ್ಟಡದಲ್ಲಿ ಟೈಲ್ಸ್ ಒಡೆದು ಕೊಳವೆ ಬದಲಿಸಬೇಕಾದರೆ ಮಾತ್ರ ಟೈಮರಿನ ಆಯ್ಕೆಯೇ ಲೇಸು.

ಉಳಿದವುಗಳ ಬಗ್ಗೆ

ಮೊಬೈಲಿನಿಂದ ನಡೆಸುವ ವೈಫೈ ನಿಯಂತ್ರಕಗಳು ಒಂದು ಮನೆಯ ಗೀಸರಿಗೆ ಅನುಕೂಲ. ಸಾಮೂಹಿಕ ಟ್ಯಾಂಕಿಗೆ ನಾನು ಒಪ್ಪುವುದಿಲ್ಲ: ಮಾಳಿಗೆಯ ಮೇಲೆ ಸಿಗ್ನಲ್ ಯಾರ ಮನೆಯದು, ಪಾಸ್‌ವರ್ಡ್ ಯಾರ ಬಳಿ, ಕಾರ್ಯದರ್ಶಿ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೋದ ಮೇಲೆ ಏನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದವರು ಹಾಕಿಸಿಕೊಳ್ಳಬಹುದು.

ಬಿಸಿಲು ಹಿಡಿಯುವ ಪ್ಯಾನೆಲ್ಲಿನ ಮತ್ತು ಟ್ಯಾಂಕಿನ ಉಷ್ಣತೆಯ ಅಂತರ ನೋಡಿ ಪಂಪನ್ನು ನಡೆಸುವ ನಿಯಂತ್ರಕವನ್ನು ಕೆಲವರು ಎಲ್ಲರಿಗೂ ಮಾರಲು ನೋಡುತ್ತಾರೆ. ಟ್ಯಾಂಕು ಪ್ಯಾನೆಲ್ಲಿಗಿಂತ ಮೇಲಿದ್ದು ನೀರು ತಾನಾಗಿ ಏರಿಳಿಯುವ ಸಾಮಾನ್ಯ ವ್ಯವಸ್ಥೆಯಲ್ಲಿ ಪಂಪೇ ಇಲ್ಲ, ಅದರ ಅಗತ್ಯವೂ ಇಲ್ಲ. ಟ್ಯಾಂಕು ಕೆಳಗಿದ್ದು ಪಂಪಿನಿಂದ ನೀರು ಹತ್ತಿಸುವ ಕಡೆ ಮಾತ್ರ ಅದು ಬೇಕೇ ಬೇಕು; ಪ್ಯಾನೆಲ್ಲಿನ ನೀರು ಟ್ಯಾಂಕಿನದಕ್ಕಿಂತ ಏಳೆಂಟು ಡಿಗ್ರಿ ಹೆಚ್ಚಾದಾಗ ಪಂಪು ಹತ್ತಬೇಕು, ಅಂತರ ಮೂರಕ್ಕೆ ಇಳಿದಾಗ ನಿಲ್ಲಬೇಕು. ಅಲ್ಲಿ ಬರೀ ಟೈಮರ್ ಹಾಕಿದರೆ ಮೋಡ ಬಂದ ಮಧ್ಯಾಹ್ನ ಟ್ಯಾಂಕಿನ ಬಿಸಿನೀರು ತಣ್ಣನೆಯ ಪ್ಯಾನೆಲ್ಲಿನಲ್ಲಿ ಸುತ್ತಿ ಆರಿಹೋಗುತ್ತದೆ.

ಹೀಟ್ ಪಂಪ್ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುವುದರಿಂದ ನಮ್ಮ ಹವೆಯಲ್ಲಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನ ಶಾಖ ದೊರೆಯುತ್ತದೆ. ಮಾಳಿಗೆಯಲ್ಲಿ ಪ್ಯಾನೆಲ್ಲುಗಳಿಗೆ ಜಾಗವೇ ಇಲ್ಲದ, ಇಲ್ಲವೇ ಪಕ್ಕದ ಎತ್ತರದ ಕಟ್ಟಡದ ನೆರಳು ಬೀಳುವ ಕಡೆ ಇದು ಯೋಗ್ಯ. ಆದರೆ ಬೆಲೆ ಹೆಚ್ಚು, ದುರಸ್ತಿಗೆ ತಿಳಿದವರು ನಿಮ್ಮ ಊರಿನಲ್ಲೇ ಇರಬೇಕು. ಅದಕ್ಕೂ ವೇಳೆಯ ಮಿತಿಯನ್ನು ಇಡಿ, ಒಳಗಿನ ತುರ್ತು ಕಾಯಿಲ್ಲು ತಾನಾಗಿ ಹತ್ತದಂತೆ ಮಾಡಿಸಿ.

ನಳದಲ್ಲಿ ಬಿಸಿನೀರು ತಡವಾಗಿ ಬರುತ್ತದೆಯೆಂದು, ಕೊಳವೆಯಲ್ಲಿನ ನೀರನ್ನು ಟ್ಯಾಂಕಿಗೆ ಮರಳಿಸಿ ಸುತ್ತಿಸುವ ಪಂಪು ಹಾಕಿಸುವವರೂ ಇದ್ದಾರೆ. 20 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಮೀಟರಿಗೆ 0.31 ಲೀಟರ್ ನೀರು ನಿಂತಿರುತ್ತದೆ. ಮಾಳಿಗೆಯಿಂದ ನೆಲಮಹಡಿಯ ಬಚ್ಚಲಿಗೆ 22 ಮೀಟರ್ ಎಂದರೆ ಏಳು ಲೀಟರ್ ತಣ್ಣೀರು ಹರಿದ ಮೇಲೆ ಬಿಸಿನೀರು ಬರುತ್ತದೆ. ಹಲವು ದಿನಕ್ಕೊಮ್ಮೆ ನಳ ಬರುವ ಬಡಾವಣೆಗಳಲ್ಲಿ ಅಷ್ಟು ನೀರನ್ನು ಚೆಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ, ನಿಜ. ಆದರೆ ಹೊದಿಕೆಯಿಲ್ಲದ ಬಿಸಿ ಕೊಳವೆ ಮೀಟರಿಗೆ 15 ವ್ಯಾಟಿನಷ್ಟು ಶಾಖ ಕಳೆಯುತ್ತದೆಂದು ಹಿಡಿದರೂ 60 ಮೀಟರಿನ ಸುತ್ತಿನಲ್ಲಿ ಹಗಲಿರುಳು ಪಂಪು ನಡೆದರೆ ದಿನಕ್ಕೆ 21 ಯೂನಿಟ್ಟಿನಷ್ಟು ಶಾಖ ಗಾಳಿಗೆ ಹೋಗುತ್ತದೆ, ಅಂದರೆ ಮೋಡದ ದಿನ ಕಾಯಿಲ್ಲು ಕೊಡುವುದಕ್ಕಿಂತ ಹೆಚ್ಚು. ಎಂಟು ಮನೆಗಳ ಕಟ್ಟಡಕ್ಕೆ ಕೊಳವೆಗೆ ಒಳ್ಳೆಯ ಹೊದಿಕೆ ಹಾಕಿಸಿ, ಮೊದಲ ಅರ್ಧ ಬಕೆಟ್ಟನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳುವುದೇ ಸರಿ. ಪಂಪು ಬೇಕೇ ಬೇಕೆಂದರೆ ಬೆಳಗಿನ ಎರಡು ತಾಸಿಗೆ ಟೈಮರಿಟ್ಟು, ಮರಳುವ ಕೊಳವೆಯ ನೀರು 40 ಡಿಗ್ರಿ ಮುಟ್ಟಿದೊಡನೆ ನಿಲ್ಲುವಂತೆ ಒಂದು ಥರ್ಮೋಸ್ಟ್ಯಾಟನ್ನೂ ಸೇರಿಸಬೇಕು.

ಎಷ್ಟು ಡಿಗ್ರಿಗೆ ಇಡಬೇಕು

60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳೂ ವಯಸ್ಸಾದವರೂ ಅಷ್ಟರೊಳಗೆ ಕೈ ಹಿಂದೆಗೆಯಲಾರರು. ಗಡಸು ನೀರಿನಲ್ಲಿ 60ರ ಮೇಲೆ ಕಾಯಿಲ್ಲಿನ ಮೇಲೆ ಸುಣ್ಣದ ಪದರವೂ ಬೇಗ ಕಟ್ಟುತ್ತದೆ, ಥರ್ಮೋಸ್ಟ್ಯಾಟಿನ ಕಡ್ಡಿಯ ಮೇಲೂ ಕಟ್ಟಿ ಅದು ತಪ್ಪು ಉಷ್ಣತೆಯನ್ನು ಓದತೊಡಗುತ್ತದೆ. ಹಾಗೆಂದು ಸದಾ 40-45ರಲ್ಲಿಟ್ಟರೆ ಇನ್ನೊಂದು ಅಪಾಯ: 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದು ಶ್ವಾಸಕೋಶಕ್ಕೆ ಕಂಟಕ, 60ರಲ್ಲಿ ಅದು ಸಾಯುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಟ್ಯಾಂಕು ತಾನಾಗಿಯೇ 60 ದಾಟುವುದರಿಂದ ಚಿಂತೆಯಿಲ್ಲ. ಮಳೆಗಾಲದಲ್ಲಿ ವಾರದ ಆರು ದಿನ 50 ಡಿಗ್ರಿ, ಒಂದು ರಾತ್ರಿ ಹೆಚ್ಚು ವೇಳೆ ಕೊಟ್ಟು 60 ಡಿಗ್ರಿ ಎಂಬ ಏರ್ಪಾಡನ್ನು ಡಿಜಿಟಲ್ ನಿಯಂತ್ರಕದಲ್ಲಿ ಮಾಡಿಕೊಳ್ಳಬಹುದು. ವಾರದ ಟೈಮರ್ ಇರಲಿ ಎಂದು ಹೇಳಿದ್ದು ಇದಕ್ಕೇ. ಆ ಬೆಳಿಗ್ಗೆ ನೀರು ಹೆಚ್ಚು ಬಿಸಿ ಇರುತ್ತದೆಂದು ಎಲ್ಲ ಮನೆಗಳಿಗೂ ತಿಳಿಸಿರಬೇಕು, ಬಚ್ಚಲಲ್ಲಿ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸುವ ರೂಢಿ ಇರಬೇಕು.

ಹಾಕಿಸಿದ ಮೇಲೆ

ನಿಯಂತ್ರಕದ ಪೆಟ್ಟಿಗೆ ಮೆಟ್ಟಿಲ ಮೇಲಿನ ಕೋಣೆಯೊಳಗಿರಲಿ, ಮಳೆಗೆ ಬೀಳುವ ಗೋಡೆಯ ಮೇಲಲ್ಲ. ಸೆನ್ಸರಿನ ತಂತಿ ಗಟ್ಟಿ ಪೈಪಿನೊಳಗೆ ಹೋಗಬೇಕು. ಧಾರವಾಡದ ಮಂಗಗಳು ತೂಗಾಡುವ ಯಾವ ತಂತಿಯನ್ನೂ ಉಳಿಸುವುದಿಲ್ಲ. ಟ್ಯಾಂಕಿನ ಉಷ್ಣತೆ ಅಂಕಿಯಲ್ಲಿ ಕಾಣುವ ಒಂದು ಮೀಟರ್ ಪೆಟ್ಟಿಗೆಯ ಮುಖದ ಮೇಲೆ ಇರಲಿ, ಕಾಯಿಲ್ಲಿಗೆಂದೇ ಒಂದು ಸಣ್ಣ ಯೂನಿಟ್ ಮೀಟರನ್ನೂ ಸೇರಿಸಿ ಹಾಕಿಸಿ. ಈ ಎರಡು ಅಂಕಿಗಳಿಲ್ಲದಿದ್ದರೆ ತಪ್ಪು ನಡೆಯುತ್ತಿರುವುದು ಬಿಲ್ಲು ಬಂದ ಮೇಲೆಯೇ ತಿಳಿಯುವುದು.

ಕೆಲಸ ಒಪ್ಪಿಸಿಕೊಳ್ಳುವಾಗ ಮೂರು ಪರೀಕ್ಷೆ ಮಾಡಿಸಿ, ಅವರ ಎದುರಿಗೇ. ಮೇನ್ ಆರಿಸಿ ಒಂದು ತಾಸಿನ ನಂತರ ಹಾಕಿ, ಟೈಮರಿನ ಗಡಿಯಾರ ನಿಮ್ಮ ಕೈಗಡಿಯಾರದೊಂದಿಗೆ ಹೊಂದುತ್ತದೆಯೇ ನೋಡಿ. ಟೈಮರಿನ ವೇಳೆಯನ್ನು ತಾತ್ಕಾಲಿಕವಾಗಿ ಈಗಿನ ವೇಳೆಗೆ ತಂದು, ಥರ್ಮೋಸ್ಟ್ಯಾಟನ್ನು ಟ್ಯಾಂಕಿನ ಉಷ್ಣತೆಗಿಂತ ಕೆಳಗೂ ಮೇಲೂ ತಿರುಗಿಸಿ, ಕಾಂಟ್ಯಾಕ್ಟರ್ ಬಿಡುವ ಮತ್ತು ಹಿಡಿಯುವ ಸದ್ದು ಕೇಳಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುವುದನ್ನು ಕಾಣಿ. ಆ ನಂತರ ಒಂದು ವಾರ, ಬೆಳಿಗ್ಗೆ ಆರಕ್ಕೂ ಸಂಜೆ ಐದಕ್ಕೂ ಟ್ಯಾಂಕಿನ ಉಷ್ಣತೆ ಮತ್ತು ಕಾಯಿಲ್ಲಿನ ಮೀಟರಿನ ಯೂನಿಟ್ಟುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಕಟ್ಟಡದಲ್ಲಿ ಆ ನೋಟ್‌ಬುಕ್ಕು ಪೆಟ್ಟಿಗೆಯ ಮೇಲೆಯೇ ದಾರಕ್ಕೆ ಕಟ್ಟಿದ ಪೆನ್ಸಿಲ್ಲಿನೊಂದಿಗೆ ಇದೆ, ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರು ಹತ್ತಿ ಹೋಗಿ ಬರೆಯುತ್ತೇವೆ. ಬೆಳಿಗ್ಗೆ ಆರರ ಯೂನಿಟ್ಟಿಗೂ ಸಂಜೆ ಐದರ ಯೂನಿಟ್ಟಿಗೂ ವ್ಯತ್ಯಾಸ ಕಂಡರೆ ಹಗಲಿನಲ್ಲಿ ಕಾಯಿಲ್ಲು ಉರಿದಿದೆ ಎಂದರ್ಥ. ಅಂದೇ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.